ಕೆಲಸ ಬಿಟ್ಟವರ ಮನೆ ಹುಡುಕಿ ಹೊರಟ ಸೊಸೆ

ನನ್ನ ಸೊಸೆ ವಿದ್ಯಾ ಕಳೆದ ವಾರ ನೂರಕ್ಕೆ ನೂರು ತಂದಳು. ತಂದವಳು ಖುಷಿಪಡುವುದು ಬಿಟ್ಟು ಮುಖ ಸಪ್ಪಗೆ ಮಾಡಿಕೊಂಡು ಕುಳಿತಳು.

ಇವು ಪರೀಕ್ಷೆಯ ಅಂಕಗಳಲ್ಲ. ವಿದ್ಯಾ ಧಾರವಾಡದಲ್ಲಿ ಎಂಬಿಎ ಕೊನೆಯ ವರ್ಷದಲ್ಲಿದ್ದಾಳೆ. (ಮದುವೆಯಾಗಿ, ಮಗಳನ್ನು ಯುಕೆಜಿಗೆ ಹಾಕಿ, ಆಮೇಲೆ ಸೇರಿದವಳು. ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ಇದನ್ನು ನಾನು ಹೇಳದೆ ಬಿಟ್ಟ ಮನೆಯಿಲ್ಲ.) ಈಗ ಡಿಸರ್ಟೇಷನ್, ಅಂದರೆ ಸಂಶೋಧನಾ ಪ್ರಬಂಧ, ಬರೆಯಬೇಕು. ಅದಕ್ಕೂ ಮೊದಲು ಸಂಶೋಧನೆ ಹೇಗೆ ಮಾಡುತ್ತೇನೆಂದು ಯೋಜನೆ ಕೊಡಬೇಕು, ಕಮಿಟಿ ಹೂಂ ಅನ್ನಬೇಕು. ಅನ್ನದಿದ್ದರೆ ಒಂದು ಸೆಮಿಸ್ಟರ್ ಕೈತಪ್ಪಿದ ಹಾಗೆ.

ಅವಳ ವಿಷಯ ಇಷ್ಟು: ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಕೆಲಸಕ್ಕೆ ಸೇರಿ, ಕೈ ಪಳಗುವಷ್ಟರಲ್ಲಿ ಬಿಟ್ಟುಹೋಗುವುದೇಕೆ? ಮಾಲೀಕರಿಗೂ ಇದು ತಲೆನೋವು. ಹಾಗಾಗಿ ಮಸಾಲೆ ಪುಡಿ ಪ್ಯಾಕ್ ಮಾಡುವ ಒಂದು ಕಾರ್ಖಾನೆಯವರು ಅವಳನ್ನು ಒಳಗೆ ಬಿಟ್ಟುಕೊಂಡರು. ವಿದ್ಯಾ ಇಪ್ಪತ್ತು ಪ್ರಶ್ನೆಗಳ ಪ್ರಶ್ನಾವಳಿ ಹಿಡಿದು ಹೋದಳು. ಕೆಲಸದ ವೇಳೆ, ಸೂಪರ್‌ವೈಸರ್ ನಡವಳಿಕೆ, ಬಸ್ಸು, ಶೌಚಾಲಯ, ಪ್ರತಿಯೊಂದಕ್ಕೂ ಒಂದರಿಂದ ಐದರೊಳಗಿನ ಅಂಕಿಗೆ ಗುರುತು ಹಾಕಬೇಕು. ಐದು ಅಂದರೆ ಪೂರ್ತಿ ತೃಪ್ತಿ.

ಎಲ್ಲರೂ ಎಲ್ಲದಕ್ಕೂ ಐದೇ ಹಾಕಿದ್ದರು. ಶೌಚಾಲಯಕ್ಕೂ ಐದು. (ಅದಕ್ಕೆ ಚಿಲಕವೇ ಇಲ್ಲವಂತೆ.) ಇಷ್ಟು ಸುಖವಾಗಿದ್ದರೆ ಬಿಟ್ಟು ಹೋಗುವವರು ಯಾರು?

ಉತ್ತರ ಗೇಟಿನ ಹತ್ತಿರ ಸಿಕ್ಕಿತು. ಅಲ್ಲಿ ಪ್ಯಾಕಿಂಗ್ ಮಾಡುವ ಶಾಂತವ್ವ ಬುತ್ತಿ ಚೀಲ ಹಿಡಿದು ಹೊರಬಂದವಳು, "ಚಿಂತಿ ಮಾಡಬ್ಯಾಡವಾ ತಂಗಿ, ಎಲ್ಲಾರೂ ಐದಕ್ಕ ಐದ ಕೊಟ್ಟೇವಿ. ಬಿಸಲಾಗ ಅಡ್ಡಾಡಾಕತ್ತಿ, ನೀ ಪಾಸಾಗಬೇಕಲ್ಲ" ಅಂದಳಂತೆ.

ಅಂದರೆ ಅವರು ಅಂಕ ಕೊಟ್ಟಿದ್ದು ಕಾರ್ಖಾನೆಗಲ್ಲ, ನನ್ನ ಸೊಸೆಗೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವಿದ್ಯಾ ನಗಲಿಲ್ಲ. ನಮ್ಮ ಕಡೆಯ ಜನ ಬಂದವರಿಗೆ ಚಹಾ ಕುಡಿಸದೆ ಕಳಿಸುವುದಿಲ್ಲ. ಓದುವ ಹುಡುಗಿಯನ್ನು ಕಡಿಮೆ ಅಂಕ ಕೊಟ್ಟು ಕಳಿಸುತ್ತಾರೆಯೇ?

ಅವಳ ಗೈಡ್ ಫೋನಿನಲ್ಲಿ ಸುಲಭದ ದಾರಿ ತೋರಿಸಿದರು. "ಡೇಟಾ ಛಲೋ ಬಂದದ ಅಲ್ಲರೀ. ಶೀರ್ಷಿಕೆ ಬದಲ ಮಾಡಿ, ಮಹಿಳಾ ಕಾರ್ಮಿಕರ ಕೆಲಸದ ತೃಪ್ತಿ ಅಂತ ಇಡ್ರಿ. ಲಗೂ ಮುಗೀತದ." ಕಮಿಟಿ ಶನಿವಾರವೇ ಇತ್ತು. ನಾನೂ ಹಾಗೇ ಮಾಡು ಎಂದು ಸಲಹೆ ಕೊಟ್ಟೆ. (ಕೇಳದೆ ಸಲಹೆ ಕೊಡುವುದು ಅತ್ತೆಯರ ಹಕ್ಕು.)

"ಅದು ಸುಳ್ಳ ಆಗತೈತ್ರಿ ಅತ್ತೀ," ಅಂದಳು. "ಬಿಟ್ಟ ಹೋದವ್ರನ್ನ ಕೇಳಬೇಕಿತ್ತು. ನಾ ಇದ್ದವ್ರನ್ನ ಕೇಳಿ ಬಂದೇನಿ."

ಮರುದಿನ ಮತ್ತೆ ಹೊರಟಳು. ಕಾರ್ಖಾನೆಗಲ್ಲ, ಶಾಂತವ್ವನ ಊರಿಗೆ. ಅಲ್ಲಿ ಕೆಲಸ ಬಿಟ್ಟ ಒಬ್ಬಳ ಮನೆಯನ್ನು ಶಾಂತವ್ವ ತೋರಿಸಿದಳು. ಈ ಸಲ ಅಂಕಿಯಿಲ್ಲ, ಗುರುತು ಹಾಕುವುದಿಲ್ಲ. ಒಂದೇ ಪ್ರಶ್ನೆ: ಯಾಕೆ ಬಿಟ್ಟಿರಿ? ಕೇಳಿ ಸುಮ್ಮನೆ ಕೂರುವುದು.

"ಮನ್ಯಾಗ ಅಡಚಣಿ ಇತ್ರಿ," ಅಂದಳಂತೆ ಆಕೆ. ವಿದ್ಯಾ ಸುಮ್ಮನೆ ಕುಳಿತಳು. ಚಹಾ ಬಂತು. ಆಮೇಲೆ ನಿಜವಾದ ಉತ್ತರವೂ ಬಂತು. "ಖರೇ ಹೇಳ್ಬೇಕಂದ್ರ, ಪಾಳಿ ಮುಗಿಯೂದ್ರಾಗ ನಮ್ಮೂರ ಬಸ್ಸು ಹೋಗಿರತಿತ್ತು. ದಿನಾ ಗಂಡ ಗಾಡಿ ತಗೊಂಡ ಬರಬೇಕು. ಒಂದಿನ ಸಾಕು ಮಾಡು ಅಂದ. ಸಾಕು ಮಾಡಿದೆ."

ಶನಿವಾರ ಅವಳ ಜೊತೆ ನಾನೂ ಧಾರವಾಡದ ಕಾಲೇಜಿಗೆ ಹೋದೆ. ಕಮಿಟಿ ಕುಳಿತಿದ್ದ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತೆ. ಕಿಟಕಿ ತೆರೆದಿತ್ತು, ಕಿವಿಯೂ ತೆರೆದಿತ್ತು.

"ಕೆಲಸ ಬಿಟ್ಟವರ ಪಟ್ಟಿ ಯಾರ ಹತ್ರ ಐತಿ?" ಕಮಿಟಿಯವರೊಬ್ಬರು ಕೇಳಿದರು.

"ಯಾರ ಹತ್ರನೂ ಇಲ್ರಿ ಸರ್. ಒಬ್ಬಾಕಿ ಇನ್ನೊಬ್ಬಾಕಿ ಮನಿ ತೋರಸ್ತಾಳ್ರಿ."

"ಮತ್ತ ಮೊದಲಿನ ಪ್ರಶ್ನಾವಳಿ?"

"ಅದನ್ನೂ ಹಾಕ್ತೇನ್ರಿ. ನಾ ಎಲ್ಲಿ ತಪ್ಪಿದೆ ಅನ್ನೋದು ಓದೋರಿಗೆ ಗೊತ್ತಾಗಬೇಕಲ್ರಿ."

ಕೊನೆಗೆ ಅದೇ ಗೈಡ್, "ಹಿಂಗ ಮಾಡ್ರಿ. ಇದ ಛಲೋ ಅದ" ಅಂದರು. ಉಳಿದವರೂ ಹೂಂ ಅಂದರು.

ಮುಚ್ಚಿಡುವುದೇನು, ನಾನೇ ಹೆತ್ತ ಮಗಳೇನೋ ಅನ್ನುವಷ್ಟು ಹೆಮ್ಮೆಯಾಯಿತು. ತನ್ನ ತಪ್ಪನ್ನು ತಾನೇ ಎತ್ತಿ ತೋರಿಸಿ ಒಪ್ಪಿಗೆ ಪಡೆದು ಬರುವುದು ಸಣ್ಣ ಮಾತೇ? ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಹೆಣ್ಣುಮಗಳಿಗೆ, "ನಮ್ಮ ಸೊಸಿ" ಎಂದು ಎರಡು ಸಲ ಹೇಳಿದೆ.

ಸಂಜೆ ಮನೆಯಲ್ಲಿ ಚಹಾ ಕುಡಿಯುವಾಗ ವಿದ್ಯಾ ನನ್ನ ಕಡೆ ತಿರುಗಿದಳು. "ಅತ್ತೀ, ನೀವೂ ಸಾಲಿ ನೌಕರಿ ಬಿಟ್ಟೀರಲ್ರಿ. ಯಾಕ ಬಿಟ್ರಿ?"

"ಬ್ಯಾಸರಾಗಿತ್ತು," ಅಂದೆ. ಎಲ್ಲರಿಗೂ ಹೇಳಿಕೊಂಡು ಬಂದದ್ದು ಅದನ್ನೇ. ಅವಳು ಸುಮ್ಮನೆ ಕುಳಿತಳು. ಆ ಮೌನ ನೋಡಿ ನಾನೇ ಬಾಯಿಬಿಟ್ಟೆ. ಶಾಲೆಯ ಮೊದಲ ಪೀರಿಯಡ್ಡಿಗೂ ಮನೆಯ ಬೆಳಗಿನ ರೊಟ್ಟಿಗೂ ಒಂದೇ ಸಮಯವಾಗಿತ್ತು. ನೌಕರಿ ಬಿಡು ಎಂದು ಯಾರೂ ಅನ್ನಲಿಲ್ಲ. ರೊಟ್ಟಿ ಬಡಿಯಲು ಯಾರೂ ಬರಲೂ ಇಲ್ಲ.

ಒಳಕೋಣೆಯಲ್ಲಿ ನಮ್ಮವರು ಟಿವಿಯ ಸದ್ದು ಕಡಿಮೆ ಮಾಡಿದರು.

ಇಷ್ಟು ವರ್ಷಗಳಲ್ಲಿ ನನ್ನನ್ನು ಹಾಗೆ ಕೇಳಿ, ನಿಜವಾದ ಉತ್ತರಕ್ಕೆ ಕಾದವಳು ನನ್ನ ಸೊಸೆ ಒಬ್ಬಳೇ. ನಿಮ್ಮ ಮನೆಯಲ್ಲಿ ಕೆಲಸ ಬಿಟ್ಟವರನ್ನು ನೀವು ಕೇಳಿದ್ದೀರಾ?