ಅಪ್ಪ ಕಟ್ಟಿದ ಮೋಟಾರು

ನಾನು ಚಿಕ್ಕವಳಿದ್ದಾಗ ಸಾರವಾಡದ ನಮ್ಮ ಅಂಗಳಕ್ಕೆ ಒಂದು ಹಳೆಯ ಮೋಟಾರು ಕಾರು ಬಂತು. ಎಂಜಿನ್ ಸೀಳಿಹೋಯಿತೆಂದು ತಿಕೋಟದ ಸಾಹುಕಾರರೊಬ್ಬರು ಅದನ್ನು ದನದ ಕೊಟ್ಟಿಗೆಗೆ ನೂಕಿದ್ದರು. ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ವಿಜಾಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ಮಿಸ್ತ್ರಿಯಾಗಿದ್ದ ಅಪ್ಪ ಅದನ್ನು ಎತ್ತು ಹೂಡಿ ಎಳೆದು ತಂದ.

ಆಗಷ್ಟೇ ಎರಡನೇ ಮಹಾಯುದ್ಧ ಮುಗಿದಿತ್ತು. ಮಿಲಿಟರಿಯವರು ಮಾರಿದ ಲಾರಿಯೊಂದರ ಎಂಜಿನ್ನನ್ನು ಅಪ್ಪ ಇದಕ್ಕೆ ಕೂಡಿಸಹೊರಟ. ಎಂಜಿನ್ ಉದ್ದ, ಮೋಟಾರಿನ ಮೂತಿ ಗಿಡ್ಡ. ಮೂತಿಯನ್ನೇ ಕತ್ತರಿಸಿ, ಎಣ್ಣೆ ಡ್ರಮ್ಮಿನ ತಗಡು ಬಡಿದು ಉದ್ದ ಮಾಡಿದ. ಗೆದ್ದಲು ತಿಂದ ಹಿಂಭಾಗ ಕಿತ್ತು ಜಾಲಿ ಕಟ್ಟಿಗೆಯಲ್ಲಿ ಹೊಸ ಮೈ ಕಟ್ಟಿದ. ಅಕ್ಕ ಗೋಣಿತಟ್ಟಿಗೆ ಹತ್ತಿ ತುಂಬಿ ಸೀಟು ಹೊಲಿದಳು.

ಊರವರು ನಗುತ್ತಿದ್ದರು. "ಆಡಿನ ಎದ್ಯಾಗ ಕ್ವಾಣದ ಗುಂಡಿಗಿ ಇಡಾಕತ್ಯಾನ ನೋಡ್ರಿ!"

ಅಕ್ಕ ಆ ವರ್ಷ ಏಳನೇ ಇಯತ್ತೆಯ, ಪಾಸಾದರೆ ಸಾಲಿ ಮಾಸ್ತರಿಕೆಯೂ ಸಿಗುತ್ತಿದ್ದ ಮುಲ್ಕಿ ಪರೀಕ್ಷೆಗೆ ಕೂಡುವವಳಿದ್ದಳು. ನಮ್ಮೂರಿನಿಂದ ವಿಜಾಪುರಕ್ಕೆ ಹೋಗಿ ಆ ಪರೀಕ್ಷೆ ಬರೆಯುವ ಮೊದಲ ಹುಡುಗಿ ಅವಳೇ. ಪರೀಕ್ಷೆಯ ದಿನ ನಸುಕಿಗೆ ಅಕಾಲ ಮಳೆ ಸುರಿಯಿತು. ಕೆಸರಿಗೆ ಹೆದರಿದ ಬಸ್ಸು ಊರೊಳಗೆ ಬರದೆ ಹೊರಗಿಂದಲೇ ಹೋಗಿಬಿಟ್ಟಿತು. ಅಕ್ಕ ಮಸಿಯ ದೌತಿ ಹಿಡಿದು ಹೊಸ್ತಿಲಲ್ಲಿ ಅಳುತ್ತ ಕುಳಿತಳು.

"ಅಳಬ್ಯಾಡ ಯವ್ವಾ. ನಮ್ಮ ಮೋಟಾರ ಐತೆಲ್ಲ," ಎಂದ ಅಪ್ಪ.

ಅದು ಅಲ್ಲಿಯವರೆಗೆ ನಮ್ಮ ಓಣಿ ದಾಟಿರಲಿಲ್ಲ! ಅಪ್ಪ ಹ್ಯಾಂಡಲ್ ಹಾಕಿ ತಿರುವಿದ. ಮೋಟಾರು ಗುಡುಗಿತು, ಕೋಳಿಗಳು ಮಾಳಿಗೆ ಹತ್ತಿದವು. ಅಕ್ಕನ ಜೊತೆ ನಾನೂ ಮೋಟಾರು ಹತ್ತಿ ಕುಳಿತೆ.

ಊರಾಚೆ ಎರೆಮಣ್ಣಿನಲ್ಲಿ ಅದೇ ಬಸ್ಸು ಗಾಲಿ ಮುಳುಗಿ ನಿಂತಿತ್ತು. ಒಳಗೆ ಅದೇ ಪರೀಕ್ಷೆಗೆ ಹೊರಟಿದ್ದ ಬಬಲೇಶ್ವರದ ಹುಡುಗರು. ನಮ್ಮ ಮೋಟಾರಿನ ತೇಪೆ ನೋಡಿ ಡ್ರೈವರ್, "ಯಣ್ಣಾ, ಇದೇನ ಎಳೀತೈತಿ?" ಎಂದ. ಅಪ್ಪ ಬಸ್ಸಿನಿಂದ ನಮ್ಮ ಮೋಟಾರಿಗೆ ಹಗ್ಗ ಬಿಗಿದ.

ಎಂಜಿನ್ ಮೊರೆಯಿತು. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಕಟ್ಟಿಗೆ ಕಟಕಟ ಎಂದಿತು.

"ಅಪ್ಪಾ, ಮುರದ ಹೋದೀತು!" ಅಕ್ಕ ಕಿರುಚಿದಳು.

"ಮುರದ್ರ ಮತ್ತ ಕಟ್ತೀನಿ. ನೀ ಗಟ್ಟಿ ಹಿಡಕೋ!"

ಗುಳಕ್ಕೆಂದು ಕೆಸರು ಬಸ್ಸನ್ನು ಬಿಟ್ಟುಕೊಟ್ಟಿತು. ಹುಡುಗರು ಕೇಕೆ ಹಾಕಿದರು. ಡ್ರೈವರ್ ಓಡಿಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡ. ಗಂಟೆ ಹೊಡೆಯುವಷ್ಟರಲ್ಲಿ ನಮ್ಮ ಮೋಟಾರು ಮುಂದೆ, ಬಸ್ಸು ಹಿಂದೆ ಪರೀಕ್ಷೆ ನಡೆಯುವ ವಿಜಾಪುರದ ಸಾಲಿಯ ಬಾಗಿಲು ಮುಟ್ಟಿದವು. ಸೆರಗಿಗೆಲ್ಲ ಕೆಸರು ಸಿಡಿದಿದ್ದ ಅಕ್ಕ ತಲೆಯೆತ್ತಿ ಒಳಗೆ ನಡೆದಳು. ಅವಳು ಪಾಸೂ ಆದಳು. ಮುಂದೆ ನಮ್ಮೂರ ಸಾಲಿಯಲ್ಲೇ ಪಾಠ ಹೇಳುವ ಅಕ್ಕೋರಾದಳು.

ಮಕ್ಕಳೇ, ಈಗಿನ ನಿಮ್ಮ ಕಾರು ಗುಂಡಿ ಒತ್ತಿದರೆ ಸದ್ದಿಲ್ಲದೆ ಹೊರಡುತ್ತದೆ. ಒಳಗೆ ತಣ್ಣನೆ ಗಾಳಿ, ಮೆತ್ತನೆ ಸೀಟು. ನಮ್ಮದರಲ್ಲಿ ಕೂತರೆ ಎಂಜಿನ್ ಬಿಸಿಗೆ ಕಾಲು ಸುಡುತ್ತಿತ್ತು, ಮೈಯೆಲ್ಲ ಧೂಳು. ಯಾರು ಮಾಡಿದ ಕಾರೆಂದು ಕೇಳಿದರೆ ನೀವು ಯಾವುದೋ ಕಂಪನಿಯ ಹೆಸರು ಹೇಳುತ್ತೀರಿ. ನಾನು, "ನಮ್ಮಪ್ಪ ಮಾಡಿದ್ದು" ಎನ್ನುತ್ತಿದ್ದೆ.