ಕೈಗೆ ಅಡ್ಡ ಬಂದ ಚಕ್ರ

ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಹೊಳೆನರಸೀಪುರದ ನಮ್ಮ ಮನೆಯಂಗಳದಲ್ಲಿ, ಕಾರನ್ನು ಎತ್ತಿ ನಿಲ್ಲಿಸಿದ್ದ ಜಾಕ್‌ನ ಅಡಿಯ ಮಣ್ಣು ಕುಸಿಯಿತು. ಎಂಜಿನ್ನಿನಲ್ಲಿ ಸೋರುತ್ತಿದ್ದ ವಾಟರ್ ಪಂಪನ್ನೂ ಜೊತೆಗೆ ಟೈಮಿಂಗ್ ಬೆಲ್ಟನ್ನೂ ತಾವೇ ಬದಲಿಸುವುದಾಗಿ ಹಟ ಹಿಡಿದಿದ್ದ ನನ್ನ ಗಂಡ ಆಗ ಕಾರಿನ ಕೆಳಗೆ ಮಲಗಿದ್ದರು.

ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಜಗಳವಾಡಿದ್ದೆವು. ಅವರು ಬಿಚ್ಚಿ ಹಾಕಿದ್ದ ಮುಂದಿನ ಚಕ್ರ, ಬಟ್ಟೆ ಒಗೆಯುವ ಕಲ್ಲಿಗೆ ಹೋಗುವ ದಾರಿಯಲ್ಲೇ ಬಿದ್ದಿತ್ತು. ಸಿಟ್ಟಿನಿಂದ ಅದನ್ನು ಕಾಲಿನಲ್ಲೇ ಕಾರಿನಡಿಗೆ ತಳ್ಳಿದೆ. ಅವರು ಕೆಳಗಿನಿಂದಲೇ ರೇಗಿದರು:

“ಲೇ, ಇದ್ಯಾಕಮ್ಮಿ ಇಲ್ಲಿಗ್ ತಳ್ದೆ? ಕೈಗೆ ಅಡ್ಡ ಬತ್ತದೆ ಕಣೆ!”

“ನನ್ ಕಾಲಿಗೂ ಅಡ್ಡ ಇತ್ತು. ಅಲ್ಲೇ ಇರ್ಲಿ ಬುಡಿ,” ಎಂದು ಬಕೆಟ್ ಎತ್ತಿಕೊಂಡೆ.

ಧಡಾರನೆ ಕುಸಿದ ಕಾರು ಆ ಚಕ್ರದ ಮೇಲೆ ಬಿದ್ದು ಅಲ್ಲೇ ನಿಂತಿತು. ಅವರ ಮುಖಕ್ಕೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ತೆವಳಿಕೊಂಡು ಹೊರಬಂದವರು, “ಅಮ್ಮೀ, ಆ ಚಕ್ರ ಮಾತ್ರ ತೆಗೀಬ್ಯಾಡ,” ಎಂದರು.

ಕೆಲಸವನ್ನು ಅರ್ಧಕ್ಕೆ ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಜಾಕಿನಡಿಗೆ ಕಲ್ಲು ಚಪ್ಪಡಿ ಹಾಕಿಸಿದೆ. ಕಾರಿನಡಿಗೆ ಎರಡು ದಪ್ಪ ಮರದ ದಿಮ್ಮಿ ಇಡಿಸಿ, ಅವನ್ನು ನಾನೇ ಒದ್ದು ನೋಡಿದ ಮೇಲಷ್ಟೇ ಅವರನ್ನು ಕೆಳಗೆ ಬಿಟ್ಟೆ. ಸಂಜೆಗೆ ಎಂಜಿನ್ ಸ್ಟಾರ್ಟ್ ಆಯಿತು. ಒಂದು ಹನಿಯೂ ಸೋರಲಿಲ್ಲ.

ಆದರೆ ಆ ವಾರವೆಲ್ಲ ರಾತ್ರಿ ಕಣ್ಣು ಮುಚ್ಚಿದರೆ ಕಾರು ಕುಸಿದ ಅದೇ ಸದ್ದು. ಬೆಚ್ಚಿ ಎದ್ದು ಅವರ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಅವರೂ ಎಚ್ಚರವಾಗಿಯೇ ಇರುತ್ತಿದ್ದರು. ಮುಂದಿನ ಭಾನುವಾರ ಅದೇ ಕಾರಿನಲ್ಲಿ ಅರಕಲಗೂಡಿಗೆ ಹೋಗಿಬಂದೆವು. ದಾರಿಯುದ್ದಕ್ಕೂ ನಾನೇ ಓಡಿಸಿದೆ. ಅಂದು ರಾತ್ರಿ ಇಬ್ಬರೂ ಬೆಳಗಾಗುವವರೆಗೆ ನಿದ್ದೆ ಮಾಡಿದೆವು.