ಅಕ್ಕನ ಬೆರಳಿಗೊಂದು ಪೊರೆ

ದ್ರಾಕ್ಷಿ ಗೊನೆಯನ್ನು ತೊಟ್ಟು ಹಿಡಿದೇ ಎತ್ತಬೇಕು. ಹಣ್ಣಿಗೆ ಬೆರಳು ತಾಗಿತೋ, ಮೇಲಿನ ಬೂದುಬಣ್ಣದ ಹುಡಿ ಅಳಿಸಿಹೋಗುತ್ತದೆ. ಹಳೇ ಮಾಲು ಎಂದು ಪೇಟೆಯವರು ಮೂಗು ಮುರಿಯುತ್ತಾರೆ. ಐಗಳಿಯ ನಮ್ಮ ತೋಟದಲ್ಲಿ ಇದನ್ನು ನನಗೆ ಬೈದು ಬೈದು ಕಲಿಸಿದವಳು ಅಕ್ಕ.

"ಹಣ್ಣು ತಾನಾ ಹೊತ್ಕೊಂಡಿದ್ದು ಐತಿ ಅದು. ಅಳಿಸಿದ್ರ ಹೊಳ್ಳಿ ಬರಂಗಿಲ್ಲ ಲೇ."

ಅವಳ ಕೈ ಹಾಳಾದದ್ದು ನನ್ನಿಂದ. ಚಪ್ಪರದ ತಂತಿ ಬಿಗಿಯುವಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನಾನು ಹಿಡಿದಿದ್ದ ತುದಿಯನ್ನು ಬಿಟ್ಟೆ. ತಂತಿ ಹಾರಿ ಅವಳ ಬಲ ಮಣಿಕಟ್ಟನ್ನು ಸೀಳಿತು. ಗಾಯ ಮಾಯಿತು, ನರ ಕೂಡಲಿಲ್ಲ. ಬೆರಳು ಆಡುತ್ತವೆ, ಮುಟ್ಟಿದ್ದು ಮಾತ್ರ ತಿಳಿಯುವುದಿಲ್ಲ. ತಂತಿ ತಾನೇ ಜಾರಿತೆಂದು ಅವಳು ಎಲ್ಲರಿಗೂ ಹೇಳಿದಳು. ಒಮ್ಮೆ ಚೆನ್ನಾಗಿ ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ. ಆಮೇಲೆ ಅವಳು ಕಿತ್ತ ಗೊನೆಗಳ ಮೇಲೆಲ್ಲ ಬೆರಳಿನ ಗುರುತು. ತಾನಾಗಿಯೇ ಹಣ್ಣು ಕೀಳುವುದನ್ನು ಬಿಟ್ಟಳು.

ನಾನೀಗ ಪ್ರಯೋಗಾಲಯವೊಂದರಲ್ಲಿದ್ದೇನೆ. ಪ್ರೋಟೀನಿನ ಸಣ್ಣ ಚೂರುಗಳನ್ನು ನೀರಿಗೆ ಬಿಟ್ಟು ಅಲುಗಾಡಿಸದೆ ಇಡುತ್ತೇವೆ. ಯಾರೂ ಹೆಣೆಯದೆ ಅವು ತಾವೇ ಕೂಡಿ ಎಳೆಯಾಗುತ್ತವೆ, ಎಳೆಗಳು ಸೇರಿ ಪೊರೆಯಾಗುತ್ತವೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಆ ಮೆತ್ತನೆಯ ಪೊರೆಯಲ್ಲಿ ಕರೆಂಟ್ ಹರಿಯುತ್ತದೆ. ಒತ್ತಿದರೆ, ತೇವ ತಾಗಿದರೆ ಏರಿಳಿಯುತ್ತದೆ. ಇದರಿಂದ ಏನೇನೋ ಆಗುತ್ತದೆ ಎನ್ನುತ್ತಾರೆ ನಮ್ಮ ಸರ್. ನನಗೆ ಬೇಕಾದದ್ದು ಅಕ್ಕನ ಬೆರಳು, ಅಷ್ಟೇ.

ಈ ಸಲ ದ್ರಾಕ್ಷಿ ಕೊಯ್ಲಿಗೆ ಹೋದಾಗ ಆ ಪೊರೆಯ ಒಂದು ತುಂಡು ಒಯ್ದೆ. ಅವಳ ತೋರುಬೆರಳಿಗೆ ಅಂಟಿಸಿ, ಸಣ್ಣ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅವಳು ಒಂದು ಹಣ್ಣು ಒತ್ತಿದಳು. ಪರದೆಯ ಮೇಲೆ ಗೆರೆ ಎದ್ದಿತು! ನಾನು ಹುಚ್ಚನ ಹಾಗೆ ಕುಣಿದೆ. ಅವಳು ಮತ್ತೊಮ್ಮೆ ಒತ್ತಿ, ಬೆರಳು ನೋಡಿಕೊಂಡಳು.

"ಇದಕ್ಕ ತಿಳೀತು. ನನಗ ಯಾವಾಗ ತಿಳೀತೈತಿ?"

ಪೊರೆಯಿಂದ ಅವಳ ನರಕ್ಕೆ ದಾರಿ ನಮಗಿನ್ನೂ ಸಿಕ್ಕಿಲ್ಲ. ಅದು ಗೊತ್ತಿದ್ದೂ ಆಸೆ ಹುಟ್ಟಿಸಿದ್ದೆ. ಊಟಕ್ಕಿಲ್ಲದ ಉಪ್ಪಿನಕಾಯಿ, ನನ್ನ ವಿದ್ಯೆ. ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಇರ್ಲಿ ಬಿಡೋ," ಎಂದು ಅದೇ ಬೆರಳಿಂದ ನನ್ನ ಕೆನ್ನೆ ಸವರಿದಳು. ಕಣ್ಣು ಮಾತ್ರ ನನ್ನ ಕಡೆ ಇರಲಿಲ್ಲ. ಸವರಿದ್ದು ತಿಳಿಯಲೆಂದು ಪರದೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಕಣ್ಣೀರು ಇಳಿಯಿತು. ಗೆರೆ ಮೇಲೆ ಕೆಳಗೆ ಹಾರಾಡತೊಡಗಿತು.

"ಯಾಕೋ ಹಿಂಗ ಕುಣಿಯಾಕತ್ತೈತಿ? ಕೆಟ್ಟತೇನ?"

"ಕೆಟ್ಟಿಲ್ಲ ಅಕ್ಕಾ. ನಿನ್ನ ಬೆರಳು ತೊಯ್ದೈತಿ."